ಗಾಲ್ಫ್ ಕೋಲಿನ ಕಾವು

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಕೊಡಲಿಗೆ ಹಿಡಿಯಾಗಿ ಸೇರಿದ ಮರದ ತುಂಡೇ ತನ್ನ ಕುಲದ ಮರಗಳನ್ನು ಕಡಿಯುವುದಕ್ಕೆ ನೆರವಾಗುವುದೆಂದು ಅದರ ತಾತ್ಪರ್ಯ. ಈ ಹೊತ್ತು ನಾವು ಹೇಳಬೇಕೆಂದಿರುವುದೂ ಒಂದು ಕಾವಿನ ಕಥೆಯೇ. ಅಮೆರಿಕದ ಕಾಡಿನಲ್ಲಿ ಹುಟ್ಟಿ, ಕೊಡಲಿ ಸುತ್ತಿಗೆಗಳ ಕಾವಿಗೆ ಹೆಸರಾಗಿದ್ದ ಮರವೊಂದು ಹಡಗನ್ನೇರಿ ಸ್ಕಾಟ್‌ಲೆಂಡಿಗೆ ಬಂದಿತು. ಅಲ್ಲಿಯ ಜನರ ಮೆಚ್ಚಿನ ಆಟವೊಂದರೊಳಕ್ಕೆ ನುಗ್ಗಿ, ತನಗಿಂತ ಮೊದಲಿದ್ದ ಮರಗಳನ್ನೆಲ್ಲ ಹೊರದೂಡಿತು. ನೂರು ವರ್ಷಗಳ ಮಟ್ಟಿಗೆ ಏಕಚ್ಛತ್ರಾಧಿಪತ್ಯ ನಡೆಸಿತು. ಕಡೆಗೆ ಗುದ್ದಲಿ ಮಾಡುವವರ ಕೈಯಿಂದ ತಾನೂ ಪದಚ್ಯುತವಾಯಿತು.

ಆ ಆಟ ಗಾಲ್ಫ್. ನಮ್ಮಲ್ಲಿ ಅದು ಸಿರಿವಂತರ ಆಟವೆಂದು ಹೆಸರಾಗಿದೆ. ಆ ಹೆಸರು ಪೂರ್ತಿ ಸುಳ್ಳೂ ಅಲ್ಲ. ಬೆಂಗಳೂರಿನಲ್ಲಿ ೧೮೭೬ರಷ್ಟು ಹಿಂದೆಯೇ ಗಾಲ್ಫ್ ಸಂಘವೊಂದು ಸ್ಥಾಪಿತವಾಗಿದ್ದರೂ ಬಹುಜನರಿಗೆ ಅದು ಬೇಲಿಯಾಚೆಯ ಹಸಿರಾಗಿಯೇ ಉಳಿಯಿತು. ಆದುದರಿಂದ ಆಟವನ್ನು ಕಾಣದ ಶ್ರೋತೃಗಳಿಗಾಗಿ ಎರಡು ಮಾತು. ವಿಸ್ತಾರವಾದ ಬಯಲಿನಲ್ಲಿ ಚಿಕ್ಕ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ ಹೋಗಿ, ದೂರದಲ್ಲಿ ತೋಡಿರುವ ನಾಲ್ಕೂಕಾಲು ಅಂಗುಲದ ಕುಳಿಯೊಳಕ್ಕೆ ಬೀಳಿಸಬೇಕು. ಅಂಥ ಕುಳಿಗಳು ಹದಿನೆಂಟು. ಎಲ್ಲರಿಗಿಂತ ಕಡಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದ. ಕೋಲಿಗೆ ಮೂರು ಅಂಗಗಳು: ಚೆಂಡಿಗೆ ತಾಗುವ ತಲೆ, ಕೈಗೆ ಸಿಕ್ಕುವ ಹಿಡಿ, ಇವೆರಡರ ನಡುವಣ ಉದ್ದನೆಯ ದಂಡ. ಇಂಗ್ಲಿಷರು ಷಾಫ್ಟ್ ಎನ್ನುವ ಈ ದಂಡವನ್ನು ನಮ್ಮ ರೈತನು ನೋಡಿದರೆ ಕಾವು ಎಂದೇ ಕರೆದಾನು. ತಲೆಯ ಅಂದಚೆಂದಕ್ಕೆ ಮರುಳಾಗದ ಆಟಗಾರನಿಲ್ಲ. ದಂಡದ ಕಡೆ ನೋಡುವವರು ಅಪರೂಪ. ಆದರೆ ಆಟಗಾರನ ತೋಳಿನ ಬಲವನ್ನು ಚೆಂಡಿಗೆ ಮುಟ್ಟಿಸುವುದು ದಂಡವೇ.

ನಮಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದ್ದು ಪಾಂಡಿತ್ಯದಿಂದಲ್ಲ, ಪೆಟ್ಟು ತಿಂದುದರಿಂದ. ಕೆಲವು ವರ್ಷಗಳ ಹಿಂದೆ ವೈದ್ಯರು ನಮಗೆ ದಿನವೂ ನಡೆಯುವಂತೆ ವಿಧಿಸಿದರು. ಗುರಿಯಿಲ್ಲದ ನಡಿಗೆ ನಮಗೆ ಒಗ್ಗಲಿಲ್ಲ. ಮಿತ್ರರೊಬ್ಬರು ಗಾಲ್ಫ್ ಬಯಲಿಗೆ ಕರೆದೊಯ್ದರು, ರುಚಿ ಹತ್ತಿತು. ಹೊಸ ಕೋಲುಗಳ ಬೆಲೆ ಅಧ್ಯಾಪಕನ ಸಂಬಳಕ್ಕೆ ನಿಲುಕುವಂತಿರಲಿಲ್ಲವಾಗಿ, ಯಾರೋ ಆಡಿ ಬಿಟ್ಟಿದ್ದ ಒಂದು ಜೊತೆಯನ್ನು ಅಂಗಡಿಯೊಂದರಲ್ಲಿ ಕೊಂಡೆವು. ಅಂಗಡಿಯಾತನು ದಂಡದ ಮೇಲೆ ಅಚ್ಚಾಗಿದ್ದ ‘ಎಕ್ಸ್’ ಎಂಬ ಅಕ್ಷರವನ್ನು ಬೆರಳಿಟ್ಟು ತೋರಿಸಿ, ‘ಸ್ವಾಮಿ, ಚಾಂಪಿಯನ್ನರು ಹಿಡಿಯುವ ದಂಡ ಇದು, ಇದರ ಮೇಲೆ ಇನ್ನಿಲ್ಲ’ ಎಂದನು. ಆತನು ಆಡಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾವು ಚಾಂಪಿಯನ್ನರಲ್ಲವೆಂಬುದನ್ನು ಆತನೂ ಗಮನಿಸಲಿಲ್ಲ, ನಾವೂ ನೆನೆಯಲಿಲ್ಲ. ಎರಡು ವರ್ಷ ನಮ್ಮ ಚೆಂಡು ನೆಲವನ್ನು ನೆಕ್ಕುತ್ತ ಬಲಕ್ಕೇ ಓಡಿತು. ಮೊಣಕೈಯಲ್ಲಿ ನೋವು ಮನೆಮಾಡಿತು. ತಪ್ಪನ್ನು ನಮ್ಮ ವಯಸ್ಸಿನಲ್ಲಿ ಹುಡುಕಿದೆವು, ನಿಲುವಿನಲ್ಲಿ ಹುಡುಕಿದೆವು, ಕನ್ನಡಕದಲ್ಲಿಯೂ ಹುಡುಕಿದೆವು; ದಂಡದಲ್ಲಿ ಹುಡುಕಲಿಲ್ಲ. ಹುಡುಕಿದಂದಿನಿಂದ, ಇತಿಹಾಸದ ಅಧ್ಯಾಪಕರಿಗೆ ಸಹಜವಾದ ಚಾಳಿಯಂತೆ, ಈ ತಾಪತ್ರಯದ ಪೂರ್ವಚರಿತ್ರೆಯನ್ನು ಕೆದಕತೊಡಗಿದೆವು.

ಆ ಚರಿತ್ರೆ ಆರಂಭವಾಗುವುದು ಬಿಲ್ಲಿನಿಂದ. ಸ್ಕಾಟ್‌ಲೆಂಡಿನ ಪಾರ್ಲಿಮೆಂಟು ೧೪೫೭ರಲ್ಲಿ ಗಾಲ್ಫನ್ನೂ ಕಾಲ್ಚೆಂಡಾಟವನ್ನೂ ನಿಷೇಧಿಸಿ ಶಾಸನ ಮಾಡಿತು. ಇಂಗ್ಲೆಂಡಿನೊಡನೆ ಹಗೆತನವಿದ್ದ ಕಾಲದಲ್ಲಿ ಜನರು ಬಿಲ್ವಿದ್ಯೆಯನ್ನು ಬಿಟ್ಟು ಆಟಗಳಲ್ಲಿ ಮೈಮರೆಯುತ್ತಾರೆಂಬುದು ಅರಸನ ಆತಂಕ. ಮುಂದೆ ೧೫೦೨ರಲ್ಲಿ ಆ ಎರಡು ರಾಜ್ಯಗಳಿಗೂ ಶಾಂತಿಯ ಒಡಂಬಡಿಕೆಯಾಯಿತು. ಅದೇ ವರ್ಷ ನಾಲ್ಕನೆಯ ಜೇಮ್ಸ್ ದೊರೆಯ ಖಜಾನೆಯ ಲೆಕ್ಕದಲ್ಲಿ ಒಂದು ಪುಟ್ಟ ಖರ್ಚು ಕಾಣಿಸುತ್ತದೆ: ಪರ್ತ್ ಪಟ್ಟಣದ ಬಿಲ್ಲುಕಾರನಿಗೆ ಕೋಲುಗಳ ಬಾಬ್ತು ಸಂದಾಯ. ಬಿಲ್ಲಿಗೆ ಶತ್ರುವೆಂದು ನಿಷಿದ್ಧವಾಗಿದ್ದ ಆಟಕ್ಕೆ ಬಿಲ್ಲು ಮಾಡುವವನೇ ಸಲಕರಣೆ ಒದಗಿಸಿದನು! ೧೬೦೩ರಲ್ಲಿ ಆರನೆಯ ಜೇಮ್ಸನು ತನಗೆ ಗಾಲ್ಫ್ ಕೋಲುಗಳನ್ನು ಮಾಡಿಕೊಡಲು ನೇಮಿಸಿಕೊಂಡ ವಿಲಿಯಂ ಮೇನ್ ಎಂಬಾತನೂ ಬಿಲ್ಲಿನ ಕಸುಬಿನವನೇ.

ಇದು ಆಕಸ್ಮಿಕವಲ್ಲ. ಬಾಗಿಸಿದರೆ ಬಾಗಬೇಕು, ಬಿಟ್ಟರೆ ಥಟ್ಟನೆ ನೆಟ್ಟಗಾಗಬೇಕು, ಸಾವಿರ ಸಲ ಬಾಗಿದರೂ ಸೋಲಬಾರದು: ಬಿಲ್ಲಿಗೆ ಬೇಕಾದ ಈ ಗುಣವೇ ದಂಡಕ್ಕೂ ಬೇಕು. ಆಟಗಾರನು ಕೋಲನ್ನು ಹಿಂದಕ್ಕೆತ್ತಿ ಬೀಸುವಾಗ ತಲೆಯ ಭಾರಕ್ಕೆ ದಂಡ ಬಾಗುತ್ತದೆ. ಚೆಂಡಿನ ಬಳಿ ಬರುವಷ್ಟರಲ್ಲಿ ಸೆಟೆದು, ತಲೆಯನ್ನು ತುಸು ಮುಂದಕ್ಕೆ ಚಿಮ್ಮುತ್ತದೆ. ಬೀಸುವವನ ತೋಳಿಗೆ ತಕ್ಕಷ್ಟು ಬಾಗುವ ದಂಡವು ಚೆಂಡನ್ನು ಎತ್ತರಕ್ಕೂ ನೇರಕ್ಕೂ ಕಳುಹಿಸುತ್ತದೆ. ಹೆಚ್ಚು ಬಾಗುವುದಾದರೆ ಚೆಂಡು ಯಾವ ಕಡೆಗೆ ಹೋಗುವುದೋ ಹೇಳಲಾಗದು. ಬಾಗದೆ ಸೆಟೆದೇ ನಿಂತರೆ, ಬಲಗೈಯವನ ಚೆಂಡು ತಗ್ಗಿನಲ್ಲಿ ಬಲಕ್ಕೆ ಜಾರುತ್ತದೆ, ಪೆಟ್ಟಿನ ಅದುರು ಕೈಗೆ ಬಡಿಯುತ್ತದೆ. ನಮ್ಮ ಮೊಣಕೈಯ ನೋವಿಗೆ ಕಾರಣ ನಮಗೆ ಸಿಕ್ಕಿದ್ದು ಹೀಗೆ.

ಮೊದಮೊದಲ ದಂಡಗಳು ಆಷ್, ಹೇಜಲ್ ಮೊದಲಾದ ನಾಡಮರಗಳವು. ತಲೆಗೆ ಸೇಬು, ಪೇರು, ಬೀಚ್ ಮರಗಳು. ತಲೆಯ ಕತ್ತನ್ನೂ ದಂಡದ ತುದಿಯನ್ನೂ ಓರೆಯಾಗಿ ಸೀಳಿ, ಒಂದರ ಮೇಲೊಂದಿಟ್ಟು, ಅಂಟು ಹಾಕಿ, ಮೇಲೆ ರಾಳದ ದಾರವನ್ನು ಬಿಗಿಯಾಗಿ ಸುತ್ತುತ್ತಿದ್ದರು. ದಂಡ ಮುರಿದರೆ ದಾರ ಬಿಚ್ಚಿ ಬೇರೊಂದನ್ನು ಕೂಡಿಸಬಹುದಾಗಿದ್ದಿತು; ತಲೆ ಒಡೆದರೆ ದಂಡವನ್ನು ಉಳಿಸಿಕೊಳ್ಳಬಹುದಾಗಿದ್ದಿತು. ಬಡವನಿಗೆ ಇದೊಂದು ಅನುಕೂಲ.

ಆದರೆ ಆ ಕಾಲದಲ್ಲಿ ಬಡವನನ್ನು ದೂರವಿರಿಸಿದ್ದು ಕೋಲಿಗಿಂತ ಹೆಚ್ಚಾಗಿ ಚೆಂಡು. ತೊಗಲಿನ ಚೀಲದೊಳಕ್ಕೆ ಬೇಯಿಸಿದ ಗರಿಗಳನ್ನು ತುರುಕಿ ಹೊಲಿದ ಆ ಚೆಂಡುಗಳನ್ನು ಒಬ್ಬ ಕುಶಲಿಯು ದಿನಕ್ಕೆ ನಾಲ್ಕಾರನ್ನು ಮಾತ್ರ ಮಾಡಬಲ್ಲವನಾಗಿದ್ದನು. ಒಂದು ಚೆಂಡಿನ ಬೆಲೆ ಒಂದು ಕೋಲಿನ ಬೆಲೆಯನ್ನು ಮೀರುವುದೂ ಉಂಟಾಗಿತ್ತು. ಮಳೆಯಲ್ಲಿ ನೆನೆದರೆ ಅದು ಹೊಲಿಗೆ ಬಿಚ್ಚಿ ಹಾಳಾಗುತ್ತಿತ್ತು. ೧೮೪೮ರ ಸುಮಾರಿಗೆ ಮಲಯ ದೇಶದ ಗಟ್ಟಾಪರ್ಚ ಎಂಬ ಮರದ ಹಾಲಿನಿಂದ ಮಾಡಿದ ಚೆಂಡು ಬಂದಿತು. ಅದು ಅಗ್ಗ, ಒಡೆದರೆ ಕಾಯಿಸಿ ಮತ್ತೆ ಉಂಡೆಮಾಡಬಹುದು. ಅಂಗಡಿಯವರ, ಕೂಲಿಕಾರರ ಮಕ್ಕಳೂ ಬಯಲಿಗೆ ಬಂದರು. ಗರಿಚೆಂಡಿನ ಕಸುಬಿನವರು ಹೊಸದನ್ನು ದ್ವೇಷಿಸಿದ್ದೂ ಸಹಜವೇ. ಸೇಂಟ್ ಆಂಡ್ರೂಸಿನ ಅಲನ್ ರಾಬರ್ಟ್‌ಸನ್ನನಿಗೂ ಅವನ ಕೈಕೆಳಗೆ ಪಳಗಿದ ಟಾಮ್ ಮಾರಿಸನಿಗೂ ಮನಸ್ತಾಪವಾಗಿ ಅವರು ಬೇರೆಯಾದದ್ದು ಈ ಚೆಂಡಿನ ದೆಸೆಯಿಂದಲೇ.

ಹೊಸ ಚೆಂಡು ಅಗ್ಗವಾದರೂ ಕಲ್ಲಿನಂತೆ ಗಡಸು. ಅದರ ಪೆಟ್ಟಿಗೆ ಹಳೆಯ ಕೋಲುಗಳು ಕಷ್ಟಪಟ್ಟವು. ಆ ಸಮಯಕ್ಕೆ ಕೈಗೆ ಸಿಕ್ಕಿದ್ದು ನಾವು ಮೊದಲಲ್ಲಿ ಹೇಳಿದ ಅಮೆರಿಕದ ಮರ. ಅದರ ಹೆಸರು ಹಿಕರಿ. ನಾರು ನೀಳ, ತೂಕ ಹದ, ಪೆಟ್ಟನ್ನು ತಾಳುವ ಗುಣ ಅಪಾರ. ಗಾಡಿಯ ಅರಗಳಿಗೂ ಕೊಡಲಿಯ ಕಾವುಗಳಿಗೂ ಅದಕ್ಕೆ ಸಮನಾದುದು ಪಶ್ಚಿಮದಲ್ಲಿ ಇನ್ನೊಂದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅದು ಸ್ಕಾಟ್‌ಲೆಂಡಿನ ಬಂದರುಗಳಲ್ಲಿ ಇಳಿಯತೊಡಗಿತು. ಸೇಂಟ್ ಆಂಡ್ರೂಸಿನ ಪ್ರಸಿದ್ಧ ಕಸುಬುದಾರ ಹ್ಯೂ ಫಿಲ್ಪನ ತರುವಾಯ ೧೮೫೬ರಲ್ಲಿ ಅವನ ಅಂಗಡಿಗೆ ಯಜಮಾನನಾದ ಸಂಬಂಧಿ ರಾಬರ್ಟ್ ಫೋರ್ಗನ್ನನು ಹಿಕರಿಯ ಯೋಗ್ಯತೆಯನ್ನು ಕಂಡುಕೊಂಡ ಮೊದಲಿಗರಲ್ಲಿ ಒಬ್ಬನು. ನೋಡನೋಡುತ್ತ ಆಷ್, ಹೇಜಲ್‌ಗಳು ಮೂಲೆಗುಂಪಾದವು. ಟೆನೆಸಿ ಪ್ರಾಂತದ ಹಿಕರಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು.

ಹಿಕರಿಯ ಯುಗದಲ್ಲಿ ದಂಡವನ್ನು ಆಯುವ ಕಲೆ ಹೇಗಿದ್ದಿತೆಂಬುದನ್ನು ತುಸು ನಿಂತು ನೋಡಬೇಕು. ಮರವನ್ನು ಚೌಕದ ಕಂಬಿಗಳಾಗಿ ಸೀಳಿ, ವರ್ಷಗಟ್ಟಲೆ ಒಣಗಿಸಿ, ಉಜ್ಜುಗೊರಡಿನಿಂದ ಹತ್ತರಿ ಹೊಡೆದು ದುಂಡಗೆ ಮಾಡಿ, ಕಡೆಗೆ ಗಾಜಿನ ಚೂರಿನಿಂದ ಹೆರೆದು, ಉಪ್ಪುಕಾಗದದಿಂದ ತಿಕ್ಕಿ, ಎಣ್ಣೆ ಕುಡಿಸುವರು. ಈ ಕೆಲಸದ ನಡುನಡುವೆ ಕಸುಬಿನವನು ದಂಡವನ್ನು ನೆಲಕ್ಕೂರಿ ಬಾಗಿಸಿ ನೋಡುವನು. ಗಾಳಿಯಲ್ಲಿ ಅಲ್ಲಾಡಿಸಿ ಅದರ ನಡುಕವನ್ನು ಅಂಗೈಯಿಂದ ಕೇಳುವನು. ಎಲ್ಲಿ ಸೆಡವಿದೆಯೋ ಅಲ್ಲಿ ಇನ್ನೊಂದಿಷ್ಟು ಹೆರೆಯುವನು. ಒಂದೇ ಮರದಿಂದ ಬಂದ ಎರಡು ದಂಡಗಳೂ ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ಹೀಗಾಗಿ ಕೊಳ್ಳುವವನು ಕಟ್ಟಿನಲ್ಲಿಟ್ಟ ದಂಡಗಳನ್ನು ಒಂದೊಂದಾಗಿ ಎತ್ತಿ, ಬೀಸಿ, ಇದು ಬೇಡ ಅದು ಬೇಡವೆಂದು ಬದಿಗಿಟ್ಟು, ಮನಸ್ಸಿಗೆ ಹಿಡಿಸಿದುದನ್ನು ಆರಿಸಿಕೊಳ್ಳುವನು. ನಮ್ಮ ಹೆಂಗಸರು ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ದನಿ ಕೇಳಿ ಕೊಳ್ಳುವ ಹಾಗೆ. ಆ ಆಯ್ಕೆಯಲ್ಲಿ ಹಣವಂತನಿಗೆ ಹೆಚ್ಚಿನ ಅಧಿಕಾರವೇನೂ ಇರಲಿಲ್ಲ. ಕೈಗೆ ಬುದ್ಧಿಯಿದ್ದವನು ಗೆದ್ದನು.

ಇದಕ್ಕೆ ಇಬ್ಬರ ಸಾಕ್ಷ್ಯ ಕೊಡುವೆವು. ಅಮೆರಿಕದ ಬ್ರೂಕ್‌ಲೈನಿನಲ್ಲಿ ಗಾಲ್ಫ್ ಬಯಲಿನ ಎದುರಿನ ಮನೆಯಲ್ಲಿ ಬೆಳೆದ ಫ್ರಾನ್ಸಿಸ್ ವೀಮೆಟ್ ಎಂಬ ಹುಡುಗ ಸಾಮಾನ್ಯ ಕುಟುಂಬದವನು. ಶ್ರೀಮಂತರ ಕೋಲುಗಳ ಚೀಲವನ್ನು ಹೊರುವ ಕ್ಯಾಡಿಯಾಗಿದ್ದನು. ಆಟಗಾರರು ಕಳೆದುಕೊಂಡ ಚೆಂಡುಗಳನ್ನು ಹುಲ್ಲಿನಲ್ಲಿ ಹೆಕ್ಕಿ, ಅವನ್ನು ಕೊಟ್ಟು ಅವನ ಮನೆಯವರು ಮೊದಲ ಕೋಲನ್ನು ಸಂಪಾದಿಸಿದರು. ೧೯೧೩ರಲ್ಲಿ, ಇಪ್ಪತ್ತು ವರ್ಷದವನಾಗಿದ್ದಾಗ, ಅದೇ ಬಯಲಿನಲ್ಲಿ ನಡೆದ ಅಮೆರಿಕದ ಓಪನ್ ಪಂದ್ಯದಲ್ಲಿ ಇಂಗ್ಲಿಷರ ಮಹಾರಥಿಗಳಾದ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಇಬ್ಬರನ್ನೂ ಸೋಲಿಸಿ ಅವನು ಜಗತ್ತನ್ನು ಬೆರಗುಗೊಳಿಸಿದನು.

ಇನ್ನೊಬ್ಬ ಬಾಬಿ ಜೋನ್ಸ್. ೧೯೩೦ರ ಒಂದೇ ವರ್ಷದಲ್ಲಿ ಬ್ರಿಟನ್ ಅಮೆರಿಕಗಳ ನಾಲ್ಕು ಮಹಾಪಂದ್ಯಗಳನ್ನೂ ಗೆದ್ದು ನಿವೃತ್ತನಾದ ಈ ವಕೀಲನು ಹಣಕ್ಕೆ ಬಡವನಲ್ಲ. ಆದರೂ ಅವನ ಕೋಲುಗಳು ಅಂಗಡಿಯಿಂದ ಒಟ್ಟಾಗಿ ಕೊಂಡವಲ್ಲ; ವರ್ಷಗಳ ಕಾಲ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ ಕೂಡಿಸಿದವು. ಕುಳಿಯ ಬಳಿ ಚೆಂಡನ್ನು ಉರುಳಿಸುವುದಕ್ಕೆ ಅವನು ೧೯೨೩ರಲ್ಲಿ ಹಿಡಿದ ‘ಕ್ಯಾಲಮಿಟಿ ಜೇನ್’ ಎಂಬ ಕೋಲು ಪರಿಚಯಸ್ಥನೊಬ್ಬನು ಕೊಟ್ಟ ಹಳೆಯದು. ಅದರ ದಂಡವು ಒಡೆದು, ದಾರ ಸುತ್ತಿ ದುರಸ್ತಿ ಮಾಡಿದುದು. ಮುಂದೆ ಅದರ ನಕಲುಗಳನ್ನು ಮಾಡಿ ಮಾರಿದ ಕಾರ್ಖಾನೆಯವರು, ಒಡೆಯದೆ ಇದ್ದ ಹೊಸ ದಂಡಗಳಿಗೂ ಅದೇ ರೀತಿ ದಾರದ ಪಟ್ಟಿಗಳನ್ನು ಸುತ್ತಿಸಿದರು! ತೇಪೆಯೂ ಅಲಂಕಾರವಾಯಿತು. ಅವನ ಕೋಲುಗಳನ್ನು ಕುರಿತು ಆಟಗಾರರು ಹೇಳುವ ಇನ್ನೊಂದು ಕಥೆಯೂ ಉಂಟು. ಯಂತ್ರಗಳಿಂದ ತೂಗಿ ಅಳೆದು ನೋಡಿದಾಗ ಅವೆಲ್ಲವೂ ಒಂದಕ್ಕೊಂದು ಹೊಂದಿಕೆಯಾಗಿದ್ದುವೆಂದೂ, ಒಂದು ಮಾತ್ರ ಭಿನ್ನವಾಗಿತ್ತೆಂದೂ, ಅದರಿಂದ ತನಗೆ ಸದಾ ತೊಂದರೆಯಾಗುತ್ತಿತ್ತೆಂದು ಜೋನ್ಸನೇ ಒಪ್ಪಿದನೆಂದೂ ಆ ಕಥೆ. ಹೇಳುವವರ ಬಾಯಲ್ಲಿ ಅದು ತುಸು ನುಣುಪಾಗಿರಬಹುದು. ಆದರೂ ಅಂಗೈಯೂ ಒಂದು ಅಳತೆಗೋಲೆಂಬುದನ್ನು ನಾವು ಅಲ್ಲಗಳೆಯಲಾರೆವು.

ಈಗ ಗುದ್ದಲಿಯವರ ವಿಷಯ. ಒಳ್ಳೆಯ ಹಿಕರಿ ಬಹುಕಾಲ ಸಿಕ್ಕುವಂತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಬ್ಬರಿನ ಚೆಂಡು ಬಂದು ಆಟ ಹಬ್ಬಿತು. ಲಕ್ಷಗಟ್ಟಲೆ ದಂಡಗಳು ಬೇಕಾದವು. ನೀಳನಾರಿನ ಮರ ಕಾಡಿನಲ್ಲಿ ವಿರಳವಾಯಿತು, ಬೆಲೆಯೇರಿತು. ಸರಿಯಾಗಿ ಒಣಗದ ಮರವನ್ನೂ ಕೆಲವರು ಮಾರತೊಡಗಿದರು. ಇದರ ಜೊತೆಗೆ ಹಿಕರಿಗೊಂದು ಹುಟ್ಟುದೋಷವಿತ್ತು: ಬಾಗುವುದಲ್ಲದೆ ಅದು ತಿರುಚಿಕೊಳ್ಳುತ್ತಿತ್ತು. ತಿರುಚಿದ ದಂಡವು ನೆಟ್ಟಗಾಗುವ ಕ್ಷಣವನ್ನು ಕಾದು ಹೊಡೆಯುವ ನಿದಾನವು ಆಟಗಾರನಲ್ಲಿ ಬೇಕಾಗಿತ್ತು. ಉಕ್ಕಿನಲ್ಲಿ ಆ ದೋಷ ಬಹಳ ಕಡಮೆ. ಎಡಿನ್‌ಬರೋ ಬಳಿಯ ಕಮ್ಮಾರ ಥಾಮಸ್ ಹಾರ್ಸ್‌ಬರೋ ಎಂಬಾತನು ೧೮೯೦ರ ದಶಕದಲ್ಲಿಯೇ ಗಟ್ಟಿ ಉಕ್ಕಿನ ದಂಡಗಳನ್ನು ಮಾಡಿ ನೋಡಿದ್ದನು; ಅವು ಭಾರವಾದುವೆಂದು ಯಾರೂ ಕೊಳ್ಳಲಿಲ್ಲ. ಅಮೆರಿಕದ ಸ್ಕೆನೆಕ್ಟಡಿ ಪಟ್ಟಣದ ಆರ್ಥರ್ ನೈಟ್ ೧೯೧೦ರಲ್ಲಿ ಟೊಳ್ಳು ಉಕ್ಕಿನ ಕೊಳವೆಯ ದಂಡಕ್ಕೆ ಹಕ್ಕುಪತ್ರ ಪಡೆದನು. ಆದರೆ ಆಟದ ನಿಯಮಗಳು ಅದನ್ನು ಒಪ್ಪಲಿಲ್ಲ. ಅಮೆರಿಕದವರು ೧೯೨೦ರ ದಶಕದ ಮಧ್ಯಭಾಗದಲ್ಲಿ ಒಪ್ಪಿದರು. ಸೇಂಟ್ ಆಂಡ್ರೂಸಿನ ಹಿರಿಯರು ಹಟಹಿಡಿದು ಕುಳಿತಿದ್ದರು. ೧೯೨೯ರಲ್ಲಿ ಅಂದಿನ ವೇಲ್ಸ್ ರಾಜಕುಮಾರನು ಉಕ್ಕಿನ ದಂಡದ ಕೋಲುಗಳನ್ನು ಹಿಡಿದುಕೊಂಡು ಅವರ ಬಯಲಿಗೇ ಬಂದನೆಂದೂ, ಭಾವೀ ಚಕ್ರವರ್ತಿಯನ್ನು ಅನರ್ಹನೆಂದು ಸಾರುವ ಧೈರ್ಯ ಯಾರಿಗೂ ಬಾರದೆ ನಿಯಮವೇ ಬದಲಾಯಿತೆಂದೂ ಜನಜನಿತ. ನಿಯಮ ಬದಲಾದದ್ದು ಆ ವರ್ಷವೆಂಬುದಂತೂ ನಿಜ.

ಉಕ್ಕಿನ ದಂಡವನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಮುಖ್ಯರು ‘ಅಮೆರಿಕನ್ ಫೋರ್ಕ್ ಅಂಡ್ ಹೋ’ ಎಂಬ ಕಂಪನಿಯವರು. ಹೆಸರೇ ಹೇಳುವಂತೆ ಅವರು ತೋಟದ ಕವಲುಗೋಲು, ಗುದ್ದಲಿಗಳನ್ನು ಮಾಡುವವರು. ತುದಿಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣಗಾಗುತ್ತ ಹೋಗುವ ಅವರ ‘ಟ್ರೂ ಟೆಂಪರ್’ ದಂಡವು ಲೋಕಪ್ರಸಿದ್ಧವಾಯಿತು. ಹಳೆಯ ಕಣ್ಣುಗಳಿಗೆ ನೋವಾಗದಿರಲೆಂದು ಮೊದಮೊದಲು ಉಕ್ಕಿನ ದಂಡಗಳಿಗೆ ಮರದ ಬಣ್ಣದ ಹೊದಿಕೆಯನ್ನು ತೊಡಿಸುತ್ತಿದ್ದರು. ೧೯೩೧ರಲ್ಲಿ ಬಿಲ್ಲಿ ಬರ್ಕ್ ಎಂಬವನು ಉಕ್ಕಿನ ದಂಡದಿಂದ ಅಮೆರಿಕದ ಓಪನ್ ಪಂದ್ಯವನ್ನು ಗೆದ್ದ ಮೊದಲಿಗನಾದನು; ಎರಡು ಸಲ ಸಮಸಮವಾಗಿ, ೧೪೪ ಕುಳಿಗಳನ್ನು ಆಡಿದ ಮೇಲೆ ಒಂದೇ ಒಂದು ಹೊಡೆತದ ಗೆಲವು ಅದು. ೧೯೩೬ರಲ್ಲಿ ಅಮೆರಿಕದ ಹವ್ಯಾಸಿಗಳ ಪಂದ್ಯವನ್ನು ಗೆದ್ದ ಜಾನಿ ಫಿಷರನ ಬಳಿಕ ಹಿಕರಿ ಹಿಡಿದು ಮಹಾಪಂದ್ಯವನ್ನು ಗೆದ್ದವರಿಲ್ಲ.

ದಂಡವನ್ನು ಹೆರೆಯುತ್ತಿದ್ದ ಕಸುಬುದಾರರ ಗತಿಯೇನು? ಹತ್ತಾರು ವರ್ಷ ಅಂಗೈಯಲ್ಲಿ ಶೇಖರಿಸಿದ್ದ ಜ್ಞಾನಕ್ಕೆ ಒಂದು ದಶಕದೊಳಗೆ ಬೆಲೆ ಇಲ್ಲವಾಯಿತು. ಅವರಲ್ಲಿ ಅನೇಕರು ಇನ್ನೊಬ್ಬರು ಮಾಡಿದ ಕೋಲುಗಳನ್ನು ಮಾರುವ ಅಂಗಡಿಯವರಾದರು. ನಮ್ಮ ನಾಡಿನ ನೇಕಾರರ ಚರಿತ್ರೆಯನ್ನು ತರಗತಿಯಲ್ಲಿ ಹೇಳುವ ನಮಗೆ ಇದನ್ನು ಓದುವಾಗ ಮನಸ್ಸು ಕಲಕುತ್ತದೆ. ಆದರೂ ಉಕ್ಕನ್ನು ಹಳಿಯುವವರ ಗುಂಪಿಗೆ ನಾವು ಸೇರಲಾರೆವು. ಸಾವಿರ ದಂಡಗಳಲ್ಲಿ ಒಳ್ಳೆಯದನ್ನು ಆಯುವ ಅವಕಾಶ ಜೋನ್ಸನಿಗಿತ್ತು. ಹಳ್ಳಿಯ ಹುಡುಗನಿಗೆ ಸಿಕ್ಕುತ್ತಿದ್ದುದು ಉಳಿದವರು ಬದಿಗಿಟ್ಟ ಸೊಟ್ಟ ದಂಡ. ಉಕ್ಕು ಅವನಿಗೂ ಚಾಂಪಿಯನ್ನನಿಗೂ ಒಂದೇ ಬಗೆಯ ದಂಡವನ್ನು ಒಂದೇ ಬೆಲೆಗೆ ಕೊಟ್ಟಿತು.

ಆದರೆ ವ್ಯಾಪಾರವು ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಸಿದುಕೊಳ್ಳುವುದರಲ್ಲಿ ಜಾಣ. ದಂಡಗಳೆಲ್ಲ ಏಕರೂಪವಾದುದರಿಂದ ಕೋಲುಗಳಿಗೆ ಸಂಖ್ಯೆ ಹಚ್ಚಿ ಜೊತೆಯಾಗಿ ಮಾರುವ ಪದ್ಧತಿ ಬಲಿಯಿತು. ಮ್ಯಾಷಿ, ನಿಬ್ಲಿಕ್, ಬ್ರ್ಯಾಸಿ ಎಂಬ ಹಳೆಯ ಮುದ್ದು ಹೆಸರುಗಳು ಹೋಗಿ ಐದು, ಆರು, ಏಳು ಎಂಬ ಅಂಕಿಗಳು ಬಂದವು. ಹಿಂದೆ ಒಂದೇ ಕೋಲಿನಿಂದ ನಾಲ್ಕು ಬಗೆಯಾಗಿ ಹೊಡೆಯುತ್ತಿದ್ದವನು ಈಗ ನಾಲ್ಕು ಕೋಲು ಕೊಳ್ಳಬೇಕಾಯಿತು. ಲಾಸನ್ ಲಿಟಲ್ ಎಂಬ ಪ್ರಸಿದ್ಧ ಆಟಗಾರನ ಚೀಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೋಲುಗಳಿದ್ದುವು. ಹೊರುವ ಕ್ಯಾಡಿಯ ಬೆನ್ನನ್ನು ಕೇಳಿದವರಾರು! ಕೊನೆಗೆ ಅಮೆರಿಕದವರು ೧೯೩೮ರಲ್ಲಿಯೂ ಸೇಂಟ್ ಆಂಡ್ರೂಸಿನವರು ೧೯೩೯ರಲ್ಲಿಯೂ ಹದಿನಾಲ್ಕಕ್ಕಿಂತ ಹೆಚ್ಚು ಕೋಲುಗಳನ್ನು ಒಯ್ಯಬಾರದೆಂದು ಕಟ್ಟುಮಾಡಿದರು. ಹದಿನಾಲ್ಕನ್ನು ಒಯ್ಯಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಇದನ್ನು ನಮ್ಮಂಥವರು ನೆನಪಿನಲ್ಲಿಡುವುದು ಒಳ್ಳೆಯದು. ಏಳೆಂಟು ಕೋಲುಗಳಿಂದ ಹೊಸಬನ ಆಟಕ್ಕೆ ಯಾವ ಕೊರತೆಯೂ ಆಗದು.

ಉಕ್ಕಿನ ತರುವಾಯ ಅಲ್ಯುಮಿನಿಯಂ ದಂಡವು ೧೯೬೦ರ ದಶಕದಲ್ಲಿ ಬಂದು ಅಷ್ಟೇ ಬೇಗ ಹೋಯಿತು. ಅದೇ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನ ಶಾಸ್ತ್ರದ ಸರ್ಕಾರಿ ಸಂಸ್ಥೆಯವರು ಇಂಗಾಲದ ಎಳೆಗಳಿಂದ ಹಗುರವೂ ಗಟ್ಟಿಯೂ ಆದ ವಸ್ತುವನ್ನು ಸಾಧಿಸಿದ್ದರು. ೧೯೬೯ರಲ್ಲಿ ಅಮೆರಿಕದ ಷೇಕ್ಸ್‌ಪಿಯರ್ ಕಂಪನಿಯಲ್ಲಿದ್ದ ಫ್ರಾಂಕ್ ಥಾಮಸ್ ಎಂಬ ಎಂಜಿನಿಯರು ಅದರಿಂದ ಗಾಲ್ಫ್ ದಂಡವನ್ನು ರಚಿಸಿದನು. ನಾಟಕಕಾರನಿಗೂ ಈ ಕಂಪನಿಗೂ ಸಂಬಂಧವಿಲ್ಲ. ಇವರು ಹೆಸರಾಗಿದ್ದುದು ಮೀನಿನ ಗಾಳದ ಕೋಲುಗಳಿಗೆ. ಬಿಲ್ಲುಕಾರ, ಕೊಡಲಿಯ ಕಾವು, ಗುದ್ದಲಿಯವನು, ಗಾಳದವನು: ಗಾಲ್ಫಿನ ದಂಡವು ಯಾವ ಯುಗದಲ್ಲಿಯೂ ತನ್ನ ಮನೆಯಲ್ಲಿ ಹುಟ್ಟಲಿಲ್ಲ, ನೆರೆಮನೆಯಿಂದ ಎರವಲಾಗಿಯೇ ಬಂದಿತು. ಗ್ರಾಫೈಟ್ ಎಂದು ಕರೆಯುವ ಈ ಹೊಸ ದಂಡದ ಬೆಲೆ ಮೊದಲಿಗೆ ಉಕ್ಕಿನದಕ್ಕಿಂತ ಹಲವು ಪಟ್ಟು. ಕ್ರಮೇಣ ಇಳಿಯಿತು. ಇಂದು ದೂರದ ಹೊಡೆತದ ಡ್ರೈವರ್ ಕೋಲಿಗೆ ಅದೇ ಸಾಮಾನ್ಯ. ಸಮೀಪದ ಹೊಡೆತದ ಐರನ್ ಕೋಲುಗಳಿಗೆ ವೃತ್ತಿಪರರಲ್ಲಿ ಹೆಚ್ಚಿನವರು ಉಕ್ಕನ್ನೇ ಹಿಡಿಯುತ್ತಾರೆ.

ಕಿಸೆ ಹಗುರವಾಗಿರುವವನು ಈಗ ಹೇಗೆ ಆಯಬೇಕು? ದಂಡದ ಮೇಲಣ ಅಕ್ಷರವನ್ನು ನಂಬಬಾರದೆಂಬುದು ನಮ್ಮ ಮೊದಲ ಮಾತು. ಎಲ್, ಎ, ಆರ್, ಎಸ್, ಎಕ್ಸ್ ಎಂಬವು ಕ್ರಮವಾಗಿ ಮೆತುವಿನಿಂದ ಸೆಡವಿಗೆ ಹೋಗುವ ಗುರುತುಗಳು. ಆದರೆ ಇವಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಬ್ಬರ ‘ಆರ್’ ಇನ್ನೊಬ್ಬರ ‘ಎಸ್’ನಷ್ಟು ಸೆಡೆತಿರಬಹುದು. ಡ್ರೈವರ್ ಬೀಸುವ ವೇಗವು ಗಂಟೆಗೆ ೮೫ರಿಂದ ೯೫ ಮೈಲಿ ಇದ್ದವನಿಗೆ ‘ಆರ್’, ೧೦೫ನ್ನು ಮೀರಿದವನಿಗೆ ‘ಎಕ್ಸ್’ ಎಂಬುದು ಸಾಮಾನ್ಯವಾದ ಲೆಕ್ಕ. ನಮ್ಮದನ್ನು ಯಂತ್ರದಲ್ಲಿ ಅಳೆದಾಗ ೮೫ರ ಆಸುಪಾಸು ನಿಂತಿತು. ಅದನ್ನು ಕಂಡ ಮ್ಯಾಲೆ ಅಂಗಡಿಯಾತನ ಮೇಲಿದ್ದ ಕೋಪ ನಮ್ಮ ಮೇಲೆ ತಿರುಗಿತು.

ತೂಕವೂ ಅಷ್ಟೇ ಮುಖ್ಯ. ಉಕ್ಕಿನ ದಂಡಗಳು ೯೦ ಗ್ರಾಮಿನಿಂದ ೧೩೦ ಗ್ರಾಮಿನವರೆಗೂ ಇವೆ. ಹದಿನೆಂಟನೆಯ ಕುಳಿಯ ಹೊತ್ತಿಗೆ ಈ ಅಂತರ ತೋಳಿಗೆ ಚೆನ್ನಾಗಿ ತಿಳಿಯುತ್ತದೆ. ಹಳೆಯ ಉಕ್ಕಿಗೆ ಹೆದರಬೇಕಾಗಿಲ್ಲ. ಬಾಣವನ್ನು ನೋಡುವಂತೆ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಬೇಕು. ಸಮತಟ್ಟಾದ ಮೇಜಿನ ಮೇಲೆ ಉರುಳಿಸಬೇಕು. ಕುಲುಕಿದಾಗ ಒಳಗೆ ತುಕ್ಕಿನ ಪುಡಿ ಸದ್ದುಮಾಡಿದರೆ ಬಿಡಬೇಕು. ಗ್ರಾಫೈಟನ್ನಾದರೋ ಉಗುರಿನಿಂದ ತಡವಬೇಕು. ಚೀಲದ ಬಾಯಿಗೆ ಉಜ್ಜುವ ಕಡೆಯಲ್ಲಿಯೂ ತಲೆಯೊಳಕ್ಕೆ ಹೋಗುವ ಕಡೆಯಲ್ಲಿಯೂ ಎಳೆ ತುಂಡಾಗಿದ್ದರೆ ಅದು ಹೇಳದೆ ಕೇಳದೆ ಮುರಿಯುವುದು. ದಂಡವನ್ನು ಮಾತ್ರ ಬದಲಿಸುವವರು ತುದಿಯ ದಪ್ಪವನ್ನು ಮರೆಯದೆ ನೋಡಬೇಕು. ಐರನ್ ಕೋಲುಗಳಲ್ಲಿ ೦.೩೫೫ ಅಂಗುಲದ ಮೊನಚುತುದಿಯವು, ೦.೩೭೦ ಅಂಗುಲದ ಸಮತುದಿಯವು ಎಂದು ಎರಡು ಜಾತಿ. ಸಮತುದಿಯ ಒಂದೇ ಬಗೆಯ ದಂಡವನ್ನು ಬೇಕಾದಂತೆ ಕತ್ತರಿಸಿ ಎಲ್ಲ ಕೋಲುಗಳಿಗೂ ಹೊಂದಿಸಬಹುದಾದ್ದರಿಂದ ಮಿತವ್ಯಯದವರಿಗೆ ಅದು ಮೇಲು. ತುದಿಯ ಕಡೆ ಕತ್ತರಿಸಿದಷ್ಟೂ ದಂಡ ಸೆಡೆಯುವುದೆಂಬುದನ್ನು ಕತ್ತರಿಸುವ ಮೊದಲೇ ತಿಳಿದಿರಬೇಕು.

ಇಷ್ಟೆಲ್ಲ ಹೇಳುವಾಗ ನಮಗೆ ಸ್ಪೇನಿನ ಪೆದ್ರೆನ್ಯ ಎಂಬ ಕಡಲತಡಿಯ ಹಳ್ಳಿಯ ಹುಡುಗನೊಬ್ಬನು ನೆನಪಿಗೆ ಬರುತ್ತಾನೆ. ೧೯೫೭ರಲ್ಲಿ ಹುಟ್ಟಿದ ಸೆವೆ ಬಾಯೆಸ್ತೆರೋಸನಿಗೆ ಬಾಲ್ಯದಲ್ಲಿ ಸಿಕ್ಕಿದ್ದು ತುಕ್ಕುಹಿಡಿದ ಒಂದು ಕೋಲಿನ ತಲೆ ಮಾತ್ರ. ಅವನು ಕಾಡಿನಿಂದ ಕಡ್ಡಿ ಕಡಿದು ತಂದು, ಕೆತ್ತಿ, ಅದಕ್ಕೆ ತಾನೇ ದಂಡ ಹಾಕಿಕೊಂಡನು. ಕಡ್ಡಿ ಮುರಿಯುತ್ತಿತ್ತು, ಇನ್ನೊಂದನ್ನು ತರುತ್ತಿದ್ದನು. ಆಮೇಲೆ ಅಣ್ಣನು ಕೊಟ್ಟ ಒಂದೇ ಒಂದು ಮೂರನೆಯ ಸಂಖ್ಯೆಯ ಕೋಲಿನಿಂದ ಸಮುದ್ರದ ಮರಳಿನಲ್ಲಿ ಎಲ್ಲ ಬಗೆಯ ಹೊಡೆತಗಳನ್ನೂ ಕಲಿತನು. ಬ್ರಿಟನ್ನಿನ ಓಪನ್ ಪಂದ್ಯವನ್ನು ೧೯೭೯, ೧೯೮೪, ೧೯೮೮ರಲ್ಲಿ ಮೂರು ಸಲ ಗೆದ್ದವನು ಅವನೇ. ನಮ್ಮ ಬೆಂಗಳೂರಿನಲ್ಲಿಯೂ ಕ್ಯಾಡಿಯಾಗಿ ಇತರರ ಚೀಲ ಹೊತ್ತಿದ್ದ ಸಿ. ಮುನಿಯಪ್ಪನವರು ೨೦೦೯ರಲ್ಲಿ ಇಂಡಿಯನ್ ಓಪನ್ ಗೆದ್ದರು. ಹೊರುವವನ ಕೈಗೆ ಬೇರೆಬೇರೆಯವರ ನೂರಾರು ದಂಡಗಳ ಪರಿಚಯವಾಗುತ್ತದೆ. ಕೊಳ್ಳುವವನಿಗೆ ಆ ಭಾಗ್ಯವಿಲ್ಲ.

ನಮ್ಮ ಕೋಲುಗಳ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ದುರಸ್ತಿಯ ಕೆಲಸ ಬಲ್ಲ ಒಬ್ಬ ಹಿರಿಯರ ಬಳಿ ಅವನ್ನು ಒಯ್ದೆವು. ಅವರು ನಮ್ಮನ್ನು ಹತ್ತು ಸಲ ಬೀಸಿಸಿ, ಬಾಯಿಬಿಡದೆ ನೋಡಿದರು. ಆಮೇಲೆ ತಲೆಯ ಕತ್ತನ್ನು ಹದವಾಗಿ ಕಾಯಿಸಿ, ಅಂಟು ಬಿಡಿಸಿ, ಸೆಡೆದ ದಂಡಗಳನ್ನು ಒಂದೊಂದಾಗಿ ಎಳೆದು ತೆಗೆದರು. ತಮ್ಮ ಮೂಲೆಯಲ್ಲಿದ್ದ ಹಳೆಯ ಹಗುರವಾದ ಉಕ್ಕಿನ ದಂಡಗಳ ಕಟ್ಟನ್ನು ಬಿಚ್ಚಿ, ‘ನೀವೇ ಆರಿಸಿಕೊಳ್ಳಿ ಸ್ವಾಮಿ, ಹೆಸರು ನೋಡಬೇಡಿ’ ಎಂದರು. ಅರ್ಧ ದಿನ ಹಿಡಿಯಿತು. ಹೊಸ ಜೊತೆಯ ಬೆಲೆಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಚೆಂಡು ಈಗಲೂ ಬಲಕ್ಕೆ ಹೋಗುವುದುಂಟು. ಅದು ನಮ್ಮ ಸ್ವಂತ ತಪ್ಪಿನಿಂದ. ಮೊಣಕೈಯಂತೂ ನೋಯುವುದಿಲ್ಲ. ಚಾಂಪಿಯನ್ನರ ಆ ‘ಎಕ್ಸ್’ ದಂಡಗಳನ್ನು ನಮ್ಮ ಮನೆಯವರು ಹಿತ್ತಲಿನ ಟೊಮೇಟೊ ಗಿಡಗಳಿಗೆ ಆಸರೆಯಾಗಿ ನೆಟ್ಟಿದ್ದಾರೆ. ಹೋದ ಮುಂಗಾರಿನ ಗಾಳಿಗೆ ಬೇಲಿ ಮಲಗಿತು; ಅವು ಕೂದಲಿನಷ್ಟೂ ಬಾಗಲಿಲ್ಲ.